ಕಸದ ಗಾಡಿಯ ಅಕ್ಕ ಮತ್ತು ನನ್ನ ಜಪಾನ್ ಭಾಷಣ

ಎಡಗೈಗೆ ಮೊಣಕೈವರೆಗೆ ಬರುವ ಹಳದಿ ರಬ್ಬರಿನ ಗ್ಲೌಸು, ಬಲಗೈ ಬರಿದು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಖಾಕಿ ಅಂಗಿ, ತಲೆಗೆ ಸುತ್ತಿದ ಬೈರಾಸು. ನಮ್ಮ ಪಂಚಾಯತಿನ ಕಸದ ಗಾಡಿ ಓಡಿಸುತ್ತಿದ್ದ ಅಕ್ಕನನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಬರಿಗೈ. ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಒಣಗಿದ ತೊಗಲಿನ ಹಾಗೆ ಗಟ್ಟಿಯಾಗಿತ್ತು. ಹದಿನಾಲ್ಕನೆಯ ವಯಸ್ಸಿನಿಂದ ಬೀಡಿ ಕಟ್ಟಿದ ಕೈ ಅದು. ಎರಡೂ ಕೈಗೆ ಗ್ಲೌಸು ಯಾಕೆ ಹಾಕುವುದಿಲ್ಲ ಎಂದು ಒಮ್ಮೆ ಕೇಳಿದ್ದೆ.

"ಗ್ಲೌಸು ಹಾಕಿದ್ರೆ ಗಂಟು ಬಿಚ್ಚಲಿಕ್ಕೆ ಆಗುವುದಿಲ್ಲ ಮಾಷ್ಟ್ರೇ" ಎಂದಿದ್ದರು. "ನಮ್ಮೂರಿನವರು ಕಸದ ಚೀಲಕ್ಕೆ ಹಾಕುವ ಗಂಟು ನೋಡಿದ್ದೀರಾ? ಒಳಗೆ ಬಂಗಾರ ಉಂಟೋ ಅನ್ನುವ ಹಾಗೆ ಕಟ್ತಾರೆ."

ನಾನು ವೇಣೂರು ದಾರಿಯ ಒಂದು ಸಣ್ಣ ಊರಿನವನು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತನಾಗಿ ಆರು ವರ್ಷವಾಯಿತು. ಊರಿಡೀ ತುಳು ಮಾತಾಡುವ ಆ ಅಕ್ಕ ನನ್ನ ಹತ್ತಿರ ಮಾತ್ರ ಕನ್ನಡದಲ್ಲೇ ಮಾತಾಡುತ್ತಿದ್ದರು. "ಮಾಷ್ಟ್ರ ಹತ್ರ ತುಳು ಮಾತಾಡಿದ್ರೆ ಮಾರ್ಕು ಕಡಿಮೆ ಆಗ್ತದೆ" ಎಂದು ನಗುತ್ತಿದ್ದರು. ಅವರು ಓದಿದ್ದು ಏಳನೆಯ ತರಗತಿಯವರೆಗೆ, ಅದೂ ಬೇರೆ ಶಾಲೆಯಲ್ಲಿ. ಆದರೂ ನನ್ನನ್ನು ಕಂಡರೆ ಗಾಡಿಯ ಸೀಟಿನಿಂದಲೇ ಸ್ವಲ್ಪ ಎದ್ದು ಕೂರುತ್ತಿದ್ದರು.

ಪಂಚಾಯತಿಗೆ ಗಾಡಿ ಬಂದಾಗ ಸ್ವಸಹಾಯ ಗುಂಪಿನ ಹೆಂಗಸರೇ ಓಡಿಸಬೇಕು ಎಂದಾಯಿತು. ಕಸದ ಗಾಡಿ ಎಂದ ಕೂಡಲೇ ಎಲ್ಲರೂ ಹಿಂದೆ ಸರಿದರು. ಇವರು ಬೀಡಿಯ ಮೊರ ಮಗಳ ಕೈಗೆ ಕೊಟ್ಟು ಬೆಳ್ತಂಗಡಿಗೆ ಹೋಗಿ ಒಂದು ತಿಂಗಳಲ್ಲಿ ಡ್ರೈವಿಂಗ್ ಕಲಿತು ಬಂದರು. ಮೊದಲ ವಾರ ನಮ್ಮ ಕಂಪೌಂಡಿನ ಮೂಲೆಗೆ ಗಾಡಿ ತಾಗಿಸಿ, ಇಳಿದು ಬಂದು, ಕಿತ್ತುಹೋದ ಗಾರೆಯ ಮೇಲೆ ಕೈ ಆಡಿಸುತ್ತಾ "ಇದಕ್ಕೆ ನೋವಾಯ್ತಾ ಏನೋ" ಎಂದರು. ಸಿಟ್ಟು ಮಾಡಲು ತಯಾರಾಗಿ ಹೊರಗೆ ಬಂದವನು ನಕ್ಕುಬಿಟ್ಟೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಊರಿನ ಇಳಿಜಾರಿನ ತಿರುವುಗಳಲ್ಲಿ ಬಸ್ಸಿನವರಿಗೇ ದಾರಿ ಬಿಡುವಂತೆ ಕೈಸನ್ನೆ ಮಾಡುವಷ್ಟು ಪಳಗಿದರು.

ಗಾಡಿಯ ತಲೆಯ ಮೇಲಿನ ಮೈಕಿನಲ್ಲಿ ಸ್ವಚ್ಛತೆಯ ಹಾಡು ಬರುತ್ತಿತ್ತು. ಯಾರದಾದರೂ ಮನೆಯಲ್ಲಿ ಸಾವಾಗಿದ್ದರೆ, ಹಸುಗೂಸು ಇದ್ದರೆ, ಮಕ್ಕಳ ಪರೀಕ್ಷೆಯಿದ್ದರೆ ಆ ಮನೆಗೆ ನಾಲ್ಕು ಮನೆ ಇರುವಾಗಲೇ ಹಾಡು ನಿಲ್ಲುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ. ಯಾವ ಮನೆಯಲ್ಲಿ ಏನಾಗಿದೆಯೆಂದು ಅವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿತ್ತು. ಕಸ ನೋಡಿದರೆ ಮನೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ಗಲ್ಫಿನಿಂದ ಯಾರು ಬಂದರು, ಯಾರ ಮನೆಯಲ್ಲಿ ಮೀನು ತರುವುದು ನಿಂತಿತು, ಯಾರು ಗುಟ್ಟಾಗಿ ಕುಡಿಯತೊಡಗಿದರು, ಎಲ್ಲವೂ ಚೀಲದಲ್ಲಿ ಇರುತ್ತಿತ್ತು. ಆದರೆ ಒಂದು ಮನೆಯ ಮಾತು ಇನ್ನೊಂದು ಮನೆಯಲ್ಲಿ ಆಡಿದ್ದನ್ನು ನಾನು ಕೇಳಿಲ್ಲ. "ಕಸದಲ್ಲಿ ಕಂಡದ್ದು ಕಸದಲ್ಲೇ ಇರಬೇಕು ಮಾಷ್ಟ್ರೇ. ಬಾಯಿಗೆ ಬಂದರೆ ಮತ್ತೆ ಯಾರೂ ಗೇಟು ತೆಗೆಯುವುದಿಲ್ಲ."

ಒಂದು ಸಲ ಮಾತ್ರ ಆ ನಿಯಮ ಸ್ವಲ್ಪ ಸಡಿಲಿಸಿದ್ದರಂತೆ. ಪೇಟೆಯ ಹೋಟೆಲಿನ ಯಜಮಾನರು ಬಿ.ಪಿ. ಮಾತ್ರೆಯ ಪೂರ್ತಿ ಪೂರ್ತಿ ಪಟ್ಟಿಗಳನ್ನು ಒಡೆಯದೆಯೇ ಕಸಕ್ಕೆ ಹಾಕುತ್ತಿದ್ದರು. ಇವರು ಅದನ್ನು ಹೆಕ್ಕಿ ತಂದು ಅವರ ಕೈಯಲ್ಲೇ ಇಟ್ಟು, "ಇದು ನಿಮ್ಮದು, ನಿಮ್ಮ ಹೆಂಡತಿಗೆ ಹೇಳಿಲ್ಲ" ಎಂದು ಮಾತ್ರ ಹೇಳಿ ಬಂದರಂತೆ. ಆ ಯಜಮಾನರೇ ನನಗೆ ಹೇಳಿದ ಸಂಗತಿ ಇದು. ಆಮೇಲೆ ಅವರು ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ.

ನಮ್ಮ ಮನೆಯ ಬಗ್ಗೆ ಅವರಿಗೆ ವಿಶೇಷ ಅಭಿಮಾನ. ನನ್ನ ಹೆಂಡತಿ ಹಾಲಿನ ಪ್ಯಾಕೆಟನ್ನು ತೊಳೆದು, ಒಣಗಿಸಿ, ತ್ರಿಕೋನವಾಗಿ ಮಡಿಸಿ ಇಡುತ್ತಾಳೆ. "ಅಮ್ಮನ ಪ್ಯಾಕೆಟು ನೋಡಿದ್ರೆ ಕಣ್ಣಿಗೆ ಒತ್ತಿಕೊಳ್ಳುವ ಅನ್ನಿಸ್ತದೆ" ಎನ್ನುತ್ತಿದ್ದರು. ಬೇರೆ ಮನೆಯವರಿಗೂ ತೋರಿಸಲು ಒಂದು ತ್ರಿಕೋನವನ್ನು ಗಾಡಿಯ ಗಾಜಿನ ಹಿಂದೆ ಸಿಕ್ಕಿಸಿಕೊಂಡಿದ್ದರು.

ಹೀಗಿರುವಾಗ ನಾನು ಜಪಾನಿಗೆ ಹೋದೆ. ನಿವೃತ್ತ ಶಿಕ್ಷಕರ ಒಂದು ತಂಡ, ಹತ್ತು ದಿನದ ಪ್ರವಾಸ. ಹೆಂಡತಿಗೆ ಮಂಡಿನೋವು, ಅವಳು ಬರಲಿಲ್ಲ. ವಿಮಾನ ಹತ್ತಿದ್ದೇ ನನ್ನ ಜೀವನದಲ್ಲಿ ಅದು ಮೊದಲು. ಅಲ್ಲಿಯ ರಸ್ತೆ, ರೈಲು, ಕಕ್ಕಸು ಎಲ್ಲ ನೋಡಿ ನಾನು ಬೆರಗಾಗಿ ಹೋದೆ. ರಸ್ತೆಯಲ್ಲಿ ಕಸದ ತೊಟ್ಟಿಯೇ ಇಲ್ಲ, ಆದರೂ ಒಂದು ಕಾಗದದ ಚೂರಿಲ್ಲ. ನಮ್ಮನ್ನು ಕರೆದೊಯ್ದ ಗೈಡ್ ಹುಡುಗಿ ಪುಣೆಯವಳು. ಮೊದಲ ದಿನವೇ ಎಲ್ಲರಿಗೂ ಒಂದೊಂದು ಚೀಲ ಕೊಟ್ಟು, ನಿಮ್ಮ ಕಸ ನಿಮ್ಮ ಜೊತೆಯೇ ಇರಬೇಕು ಎಂದಳು. ಕಿತ್ತಳೆ ಸಿಪ್ಪೆಯನ್ನು ಕೋಟಿನ ಕಿಸೆಯಲ್ಲಿಟ್ಟುಕೊಂಡು ಅರ್ಧ ದಿನ ತಿರುಗಿದ್ದೇನೆ.

ನನಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಪೆನ್ನು ಚುಚ್ಚಿಕೊಳ್ಳಬೇಕು, ಪ್ರತಿ ಸಲಕ್ಕೂ ಒಂದು ಹೊಸ ಸೂಜಿ. ಬಳಸಿದ ಸೂಜಿ ಎಲ್ಲಿ ಹಾಕಲಿ ಎಂದು ಆ ಹುಡುಗಿಯನ್ನು ಕೇಳಿದೆ. "ಹೋಟೆಲಿನ ಬುಟ್ಟಿಗೆ ಹಾಕಬೇಡಿ ಅಂಕಲ್, ಕೋಣೆ ಗುಡಿಸುವವರಿಗೆ ಚುಚ್ಚುತ್ತದೆ. ಗಟ್ಟಿ ಡಬ್ಬಿಯಲ್ಲಿ ಹಾಕಿ ಊರಿಗೇ ತೆಗೆದುಕೊಂಡು ಹೋಗಿ" ಎಂದಳು. ಕ್ಯೋಟೋದ ಒಂದು ಅಂಗಡಿಯಲ್ಲಿ ಚಹಾ ಪುಡಿಯ ತಗಡಿನ ಡಬ್ಬಿ ಕೊಂಡೆ. ಮುಚ್ಚಳದ ಮೇಲೆ ಹಿಮದ ಬೆಟ್ಟದ ಚಿತ್ರ. ಪುಡಿಯನ್ನು ಚೀಲಕ್ಕೆ ಸುರಿದು, ಹತ್ತೂ ದಿನದ ಸೂಜಿ ಅದರಲ್ಲಿ ಹಾಕಿ, ಸೂಟ್‌ಕೇಸಿನಲ್ಲಿಟ್ಟು ಮಂಗಳೂರಿನವರೆಗೆ ತಂದೆ.

ಬಂದ ದಿನ ಬಂಟ್ವಾಳ ದಾಟುವಾಗ ಕಾರಿನ ಕಿಟಕಿಯಿಂದ ರಸ್ತೆ ಬದಿಯ ಪ್ಲಾಸ್ಟಿಕ್ ರಾಶಿ, ಗುಟ್ಕಾ ಉಗುಳಿದ ಗೋಡೆ, ಸೇತುವೆಯ ಮೇಲಿಂದ ನದಿಗೆ ಚೀಲ ಎಸೆಯುತ್ತಿದ್ದ ಸ್ಕೂಟರಿನವನು, ಎಲ್ಲ ಹೊಸತಾಗಿ ಕಂಡವು. ಡ್ರೈವರನಿಗೆ ದಾರಿಯುದ್ದಕ್ಕೂ ಹೇಳಿದೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಮರುದಿನ ಅಂಗಡಿಯಲ್ಲಿ ಹೇಳಿದೆ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಪ್ರವಾಸಿಗಳು ಬಿಸಾಡುವ ಬಾಟಲಿಗಳ ಬಗ್ಗೆ ಪತ್ರಿಕೆಗೆ ಒಂದು ಪತ್ರ ಬರೆದೆ, ಅಚ್ಚಾಯಿತು. 'ನಮ್ಮವರಿಗೆ ಬುದ್ಧಿ ಬರುವುದು ಯಾವಾಗ' ಎಂದು ಅದರ ತಲೆಬರಹ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಸೂಟ್‌ಕೇಸು ಖಾಲಿ ಮಾಡುವಾಗ ಆ ಡಬ್ಬಿ ಕೈಗೆ ಬಂತು. ಎಸೆಯಲು ಮನಸ್ಸು ಬರಲಿಲ್ಲ, ಅಷ್ಟು ಚಂದದ ಡಬ್ಬಿ. ಶೋಕೇಸಿನಲ್ಲಿ ಇಡಬಹುದು ಅನ್ನಿಸಿತು. ಒಳಗಿನ ಸೂಜಿಗಳನ್ನು ಎಲ್ಲಿ ಹಾಕುವುದು? ಅಡುಗೆಮನೆಯ ಕಟ್ಟೆಯ ಮೇಲೆ ತೊಳೆದಿಟ್ಟ ಹಾಲಿನ ಪ್ಯಾಕೆಟು ಇತ್ತು. ಅದರೊಳಗೆ ಸುರಿದೆ. ಹೆಂಡತಿ ಮಡಿಸುವ ಹಾಗೆಯೇ ತ್ರಿಕೋನವಾಗಿ ಮಡಿಸಿ, ಒಣ ಕಸದ ಚೀಲಕ್ಕೆ ಹಾಕಿ, ಬಾಯಿಗೆ ಗಂಟು ಹಾಕಿದೆ. ಡಬ್ಬಿಯನ್ನು ಬಟ್ಟೆಯಲ್ಲಿ ಒರೆಸಿ ಶೋಕೇಸಿನಲ್ಲಿಟ್ಟೆ. ಇಷ್ಟಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಆ ಎರಡು ನಿಮಿಷದಲ್ಲಿ ನನ್ನ ತಲೆಯಲ್ಲಿ ಏನಿತ್ತು ಎಂದು ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ಏನೂ ಇರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಪಂಚಾಯತ್ ಸಭಾಭವನದಲ್ಲಿ ನನ್ನ ಭಾಷಣ. 'ಜಪಾನಿನ ಸ್ವಚ್ಛತೆ, ನಮಗೆ ಪಾಠ.' ಗೋಡೆಯ ಮೇಲೆ ಫೋಟೋ ತೋರಿಸುತ್ತಾ ಮುಕ್ಕಾಲು ಗಂಟೆ ಮಾತಾಡಿದೆ. ಕೊನೆಗೆ ಚಹಾದ ಡಬ್ಬಿಯನ್ನು ಮೇಲಕ್ಕೆತ್ತಿ ಹಿಡಿದು, ಹತ್ತು ದಿನ ನಾನು ಬಳಸಿದ ಸೂಜಿಗಳನ್ನು ಇದರಲ್ಲಿಟ್ಟು ಸಮುದ್ರ ದಾಟಿಸಿ ತಂದೆ, ಯಾರಿಗೂ ಚುಚ್ಚಬಾರದು ಎಂಬ ಕಾಳಜಿಯನ್ನು ಅವರು ನನಗೆ ಕಲಿಸಿದರು ಎಂದೆ. ಜೋರು ಚಪ್ಪಾಳೆ.

ಹಿಂದಿನ ಸಾಲಿನಿಂದ ಗಾಡಿಯಕ್ಕ ಎದ್ದುನಿಂತರು. "ಮಾಷ್ಟ್ರೇ, ಒಂದು ಕೇಳ್ಲಾ?"

"ಕೇಳಿ, ಕೇಳಿ."

"ಅಲ್ಲಿ ಕಸ ಹೆಕ್ಕುವವರು ಯಾರು?"

"ಅಲ್ಲಿ ಯಾರೂ ಬಿಸಾಡುವುದೇ ಇಲ್ಲ. ಹೆಕ್ಕುವ ಪ್ರಶ್ನೆ ಎಲ್ಲಿ ಬರ್ತದೆ?"

"ಬಿಸಾಡದಿದ್ರೂ ಮನೆಯಲ್ಲಿ ಕಸ ಆಗ್ತದಲ್ಲ? ಅವರೂ ಉಣ್ಣುವವರಲ್ವಾ? ಅದನ್ನು ಕೊಂಡುಹೋಗುವ ಗಾಡಿ ನೋಡಿದ್ರಾ ನೀವು? ಹೆಂಗಸರು ಇದ್ದಾರಾ ಅದರಲ್ಲಿ?"

ನಾನು ನೋಡಿರಲಿಲ್ಲ. ಆರುನೂರು ಫೋಟೋ ತೆಗೆದಿದ್ದೆ, ಕಸ ಒಯ್ಯುವ ಒಬ್ಬ ಮನುಷ್ಯನ ಮುಖ ಅದರಲ್ಲಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. "ಅಲ್ಲೆಲ್ಲ ಮೆಶಿನು" ಎಂದುಬಿಟ್ಟೆ.

"ಹಾಗಾದ್ರೆ ಬರುವಾಗ ನಂಗೊಂದು ಮೆಶಿನು ತರಬಹುದಿತ್ತು" ಎಂದರು. ಸಭೆ ನಕ್ಕಿತು, ನಾನೂ ನಕ್ಕೆ. ಅವರು ನಗುತ್ತಲೇ ಕೂತರು.

ಎರಡು ದಿನ ಬಿಟ್ಟು, ಮಂಗಳವಾರ, ಒಣ ಕಸ ಒಯ್ಯುವ ದಿನ. ನಮ್ಮ ಚೀಲವೂ ಹೋಯಿತು.

ಬುಧವಾರ ಸಂಜೆ ನಾನೊಬ್ಬನೇ ಇದ್ದೆ. ಹೆಂಡತಿ ಲಾಯಿಲದಲ್ಲಿರುವ ತಂಗಿಯ ಮನೆಗೆ ಹೋಗಿದ್ದಳು. ಗೇಟಿನ ಸದ್ದಾಯಿತು. ಗಾಡಿಯಕ್ಕ, ಆದರೆ ಗಾಡಿಯಿಲ್ಲ. ಖಾಕಿ ಅಂಗಿಯಿಲ್ಲದೆ, ತಲೆ ಬಾಚಿಕೊಂಡು, ಬರೀ ಸೀರೆಯಲ್ಲಿ ಅವರನ್ನು ನೋಡಿದ್ದು ಅದೇ ಮೊದಲು. ಅಂಗಳದ ನಲ್ಲಿಯ ಹತ್ತಿರವೇ ನಿಂತರು.

"ಅಮ್ಮ ಇಲ್ವಾ ಮಾಷ್ಟ್ರೇ?"

"ಇಲ್ಲ. ಎಂತ ವಿಷಯ? ಮೇಲೆ ಬನ್ನಿ."

"ಬೇಡ, ಇಲ್ಲೇ ಆಗ್ತದೆ." ಬಲಗೈಯ ತೋರುಬೆರಳು ತೋರಿಸಿದರು. ಅದರಲ್ಲಿ ಏನೂ ಕಾಣುತ್ತಿರಲಿಲ್ಲ. "ನಿನ್ನೆ ಶೆಡ್ಡಿನಲ್ಲಿ ಕಸ ಬೇರೆ ಮಾಡುವಾಗ ಸೂಜಿ ಚುಚ್ಚಿತು. ಹಾಲಿನ ಪ್ಯಾಕೆಟಿನ ಒಳಗಿತ್ತು. ಸಕ್ಕರೆಯವರ ಪೆನ್ನಿನ ಸೂಜಿ. ಒಂದಲ್ಲ, ಸುಮಾರು ಉಂಟು. ರಕ್ತ ಬಂತು."

ನಾನು ಮೆಟ್ಟಿಲಿನವರೆಗೆ ಇಳಿದು ಬಂದೆ.

"ಮಗಳು ಮೂಡಬಿದ್ರೆಯಲ್ಲಿ ನರ್ಸಿಂಗ್ ಓದ್ತಾಳಲ್ಲ. ಫೋನಿನಲ್ಲಿ ಬೈದು ಆಗಲೇ ಆಸ್ಪತ್ರೆಗೆ ಕಳಿಸಿದಳು. ಡಾಕ್ಟ್ರು ಮಾತ್ರೆ ಶುರು ಮಾಡಿದ್ದಾರೆ. ಎಚ್.ಐ.ವಿ. ಬಾರದ ಹಾಗೆ. ಇಪ್ಪತ್ತೆಂಟು ದಿವಸ ತಿನ್ಬೇಕಂತೆ. ನಿನ್ನೆ ಒಂದು ತಿಂದದ್ದಕ್ಕೇ ತಲೆ ತಿರುಗಿ ವಾಂತಿ." ಆ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೇಳಿದರು: "ಸೂಜಿ ಯಾರದ್ದು ಅಂತ ಗೊತ್ತಾಗಿ, ಅವರ ರಕ್ತದಲ್ಲಿ ಏನಿಲ್ಲ ಅಂತಾದರೆ ಮಾತ್ರೆ ನಿಲ್ಲಿಸಬಹುದಂತೆ. ಮತ್ತೆ ಮತ್ತೆ ರಕ್ತ ನೋಡುವುದೂ ಬೇಡವಂತೆ. ನಾನು ಯಾರ ಹೆಸರೂ ಹೇಳುವುದಿಲ್ಲ ಮಾಷ್ಟ್ರೇ. ರಿಪೋರ್ಟಿನ ಕಾಗದ ಡಾಕ್ಟ್ರು ಒಬ್ಬರು ನೋಡಿದ್ರೆ ಸಾಕು. ನಿಮ್ಮ ಮನೆಯದ್ದು ಏನಾದರೂ ತಪ್ಪಿ..."

"ನಮ್ಮದಾ?" ನನ್ನ ದನಿ ನನಗೇ ಜೋರಾಗಿ ಕೇಳಿತು. "ನೀವೇ ಭಾಷಣ ಕೇಳಿದ್ದೀರಲ್ಲ. ನಾನು ಸೂಜಿಯನ್ನು ಡಬ್ಬಿಯಲ್ಲಿ ಹಾಕಿಡುವವನು. ಈ ದಾರಿಯಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆ ಎಷ್ಟುಂಟು ಹೇಳಿ?"

"ಹೌದು, ಹೌದು. ಡಬ್ಬಿ ನಾನೂ ನೋಡಿದ್ದೇನೆ." ಅವರು ನೆಲ ನೋಡುತ್ತಿದ್ದರು. "ಪ್ಯಾಕೆಟು ತ್ರಿಕೋನ ಮಡಿಸಿದ್ದಿತ್ತು. ಹಾಗಾಗಿ ಕೇಳಿದೆ. ತಪ್ಪು ತಿಳ್ಕೊಳ್ಬೇಡಿ."

"ಛೆ, ಛೆ. ಅದರಲ್ಲೆಂತ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವರು ತಿರುಗಿ ಹೊರಟಾಗ ಹಿಂದಿನಿಂದ ಹೇಳಿದೆ: "ನೀವು ಎರಡೂ ಕೈಗೆ ಗ್ಲೌಸು ಹಾಕಬೇಕಿತ್ತು."

"ಹೌದು ಮಾಷ್ಟ್ರೇ, ತಪ್ಪು ನಂದೇ" ಎಂದು ಗೇಟು ಹಾಕಿಕೊಂಡು ಹೋದರು.

ನಾನು ಕೆಟ್ಟವನಲ್ಲ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿ ಮೂಡಬಿದ್ರೆಗೆ ಹೋದೆ. ಬೆಳ್ತಂಗಡಿಯಲ್ಲಾದರೆ ಪ್ರತಿ ಲ್ಯಾಬಿನಲ್ಲೂ ನನ್ನ ಹಳೆಯ ವಿದ್ಯಾರ್ಥಿಗಳಿದ್ದಾರೆ. ಅಲ್ಲಿ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟು ಬೆಂಚಿನ ಮೇಲೆ ಕಾಯುವಾಗ ಹೊರಗೆ ರಸ್ತೆಯಲ್ಲಿ ನರ್ಸಿಂಗ್ ಸಮವಸ್ತ್ರದ ಹುಡುಗಿಯರು ಗುಂಪಾಗಿ ಹೋದರು. ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ಮಧ್ಯಾಹ್ನ ರಿಪೋರ್ಟು ಸಿಕ್ಕಿತು. ಏನೂ ಇರಲಿಲ್ಲ, ಎಚ್.ಐ.ವಿ. ಇಲ್ಲ, ಕಾಮಾಲೆಯ ಸೋಂಕೂ ಇಲ್ಲ. ನನ್ನ ಹೆಸರು, ವಯಸ್ಸು, ತಾರೀಕು ದಪ್ಪ ಅಕ್ಷರದಲ್ಲಿತ್ತು. ಅವರು ಮಾತ್ರೆ ಶುರು ಮಾಡಿ ನಾಲ್ಕನೆಯ ದಿನ ಅದು.

ಬಸ್ಸಿನಲ್ಲಿ ಬರುವಾಗ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ. ಮರೆತೇ ಹೋಗಿತ್ತು ಅನ್ನಬಹುದು. ಹೆಂಡತಿ ಹಾಕಿರಬೇಕು ಅನ್ನಬಹುದು. ನಮ್ಮ ಸ್ಟಾಪಿನಲ್ಲಿ ಇಳಿದಾಗ ಪಂಚಾಯತಿನ ಅಧ್ಯಕ್ಷರು ಅಂಗಡಿಯ ಮುಂದೆ ನಿಂತಿದ್ದರು. "ಮಾಷ್ಟ್ರೇ, ನಿಮ್ಮನ್ನೇ ನೋಡ್ತಿದ್ದೆ. ಬಂಟ್ವಾಳದ ಹೈಸ್ಕೂಲಿನವರು ನಿಮ್ಮ ಭಾಷಣ ಬೇಕು ಅಂತ ಫೋನು ಮಾಡಿದ್ರು. ಆ ಡಬ್ಬಿ ತಪ್ಪದೆ ತರಬೇಕಂತೆ. ಈ ಸಲ ನಿಮ್ಮನ್ನೇ ನಮ್ಮ ಸ್ವಚ್ಛತಾ ರಾಯಭಾರಿ ಮಾಡುವ ಅಂತ ಇದ್ದೇವೆ."

ಆಗಲಿ ಎಂದೆ. ಮನೆಗೆ ಬಂದು ರಿಪೋರ್ಟನ್ನು ಕಪಾಟಿನಲ್ಲಿ ಹಳೆಯ ರಶೀದಿಗಳ ಕೆಳಗೆ ಇಟ್ಟೆ. ನಾಳೆ ಕೊಟ್ಟರಾಯಿತು ಅಂದುಕೊಂಡೆ.

ಆ ನಾಳೆ ಬರಲಿಲ್ಲ. ಮಂಗಳವಾರ ಗಾಡಿ ಬಂದಾಗ ನಾನು ಒಳಗೆ ಇದ್ದುಬಿಡುತ್ತಿದ್ದೆ. ಕಿಟಕಿಯಿಂದ ಕಾಣುತ್ತಿತ್ತು. ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಒಂದು ಸಲ ನಮ್ಮ ಗೇಟಿನ ಮುಂದೆಯೇ ಗಾಡಿ ನಿಲ್ಲಿಸಿ, ಇಳಿದು, ಚರಂಡಿಯ ಬದಿ ಕುಕ್ಕರಗಾಲಿನಲ್ಲಿ ಕೂತು ವಾಂತಿ ಮಾಡಿದರು. ಹೆಂಡತಿ ಓಡಿಹೋಗಿ ಲಿಂಬೆ ಶರಬತ್ತು ಕೊಟ್ಟಳು. "ಬರೀ ಗ್ಯಾಸು ಅಮ್ಮ" ಎಂದು ಕುಡಿದು, ಲೋಟ ತಾವೇ ತೊಳೆದು, ಬಿಸಿನೀರಿನಲ್ಲಿ ಇನ್ನೊಮ್ಮೆ ತೊಳೆದುಬಿಡಿ ಎಂದು ಹೇಳಿ ಹೋದರಂತೆ. ಮೊದಲೆಲ್ಲ ಅವರ ಪಕ್ಕದ ಸೀಟಿನಲ್ಲಿ ಕೂತು ಹರಟುತ್ತಿದ್ದ ಜೊತೆಯ ಹೆಂಗಸು ಈಗ ಹಿಂದೆ, ಕಸದ ಚೀಲಗಳ ನಡುವೆ ನಿಂತು ಹೋಗುತ್ತಿದ್ದಳು.

"ಪಾಪ, ಅವಳಿಗೆ ಏನೋ ದೊಡ್ಡ ಕಾಯಿಲೆಯಂತೆ" ಎಂದಳು ಹೆಂಡತಿ ಒಂದು ದಿನ. "ಮಾತ್ರೆಯ ಡಬ್ಬಿ ಯಾರೋ ನೋಡಿದ್ರಂತೆ. ಗುಂಪಿನ ಮೀಟಿಂಗಿಗೆ ಬಂದರೆ ಯಾರೂ ಹತ್ತಿರ ಕೂರುವುದಿಲ್ಲವಂತೆ. ಹೆಂಗಸಿನ ನಡತೆ ಬಗ್ಗೆಯೂ ಮಾತಾಡ್ತಾರೆ."

ನಾನು ಪತ್ರಿಕೆಯ ಪುಟ ಮಗುಚಿದೆ.

ಅದೇ ವಾರ ಬಂಟ್ವಾಳಕ್ಕೆ ಹೋಗಿ ಭಾಷಣ ಮಾಡಿದೆ. ಡಬ್ಬಿ ತೋರಿಸಿದೆ. ಎಂಟನೆಯ ತರಗತಿಯ ಒಬ್ಬ ಹುಡುಗಿ ಎದ್ದು, "ಸರ್, ನಮ್ಮ ಅಜ್ಜಿಗೂ ಸೂಜಿ ಉಂಟು. ನಮ್ಮ ಊರಲ್ಲಿ ಅದನ್ನು ಎಲ್ಲಿ ಹಾಕುವುದು?" ಎಂದು ಕೇಳಿದಳು. ಗಟ್ಟಿ ಬಾಟಲಿಯಲ್ಲಿ ತುಂಬಿಸಿ ಹತ್ತಿರದ ಆಸ್ಪತ್ರೆಗೆ ಕೊಡಿ, ಅವರು ತೆಗೆದುಕೊಳ್ಳುತ್ತಾರೆ ಎಂದೆ. ತಡವರಿಸದೆ ಹೇಳಿದೆ. ಉತ್ತರ ನನಗೆ ಮೊದಲಿನಿಂದಲೂ ಗೊತ್ತಿತ್ತು.

ಇಪ್ಪತ್ತೆಂಟು ದಿನ ಮುಗಿದು ಮತ್ತೂ ಎರಡು ವಾರ ಕಳೆದಿರಬೇಕು. ಹೆಂಡತಿ ನೀರಿನ ರಶೀದಿ ಹುಡುಕುತ್ತಾ ಕಪಾಟು ತೆಗೆದಳು. ನಾನು ಊಟ ಮಾಡುತ್ತಿದ್ದೆ. ಅವಳು ಕಾಗದ ಹಿಡಿದು ಬಂದು ನನ್ನ ತಟ್ಟೆಯ ಪಕ್ಕ ಇಟ್ಟಳು.

"ಇದು ಎಂತ?"

ಹೇಳಿದೆ. ಡಬ್ಬಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ, "ನಾನು ಮಡಿಸುವ ಹಾಗೆಯೇ ಮಡಿಸಿದ್ರಾ?" ಎಂದು ಮಾತ್ರ ಕೇಳಿದಳು. ಮತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು: "ಉಂಡು ಏಳಿ. ನೀವು ಹೋಗ್ತೀರಾ, ಇಲ್ಲ ನಾನು ಹೋಗ್ಲಾ?"

ಹಾಗಾಗಿ ಹೋದೆ. ಅವಳು ಹಾಗೆ ಹೇಳದಿದ್ದರೆ ಹೋಗುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ಫಲ್ಗುಣಿ ಹೊಳೆಯ ಕಡೆಗೆ ಇಳಿಯುವ ಮಣ್ಣುದಾರಿಯಲ್ಲಿ ಅವರ ಮನೆ. ಜಗಲಿಯಲ್ಲಿ ಬೀಡಿಯ ಮೊರ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ಮೊರ ಇಳಿಸಿ ಎದ್ದರು. ಗೋಡೆಯ ಮೊಳೆಗೆ ಒಂದು ಸ್ಟೀಲ್ ತಟ್ಟೆ, ಒಂದು ಲೋಟ ಬೇರೆಯಾಗಿ ನೇತುಹಾಕಿತ್ತು. ನಾನು ಅದನ್ನೇ ನೋಡುತ್ತಿದ್ದೆ ಎಂದು ಕಾಣುತ್ತದೆ.

"ಅದು ನಂದು" ಎಂದರು. "ಹಾಗೆಲ್ಲ ಬೇಡ ಅಂತ ಡಾಕ್ಟ್ರು ಹೇಳಿದ್ದಾರೆ, ಮಗಳೂ ಬೈತಾಳೆ. ಆದ್ರೆ ಅವಳು ರಜೆಯಲ್ಲಿ ಬಂದಾಗ ಒಟ್ಟಿಗೆ ಇಡ್ಲಿಕ್ಕೆ ನಂಗೆ ಧೈರ್ಯ ಸಾಲುವುದಿಲ್ಲ."

ರಿಪೋರ್ಟು ಕೊಟ್ಟೆ. "ಸೂಜಿ ನನ್ನದು" ಎಂದೆ. ಬಸ್ಸಿನಲ್ಲಿ ಅಭ್ಯಾಸ ಮಾಡಿದ ಮಾತು ಒಂದೂ ಬಾಯಿಗೆ ಬರಲಿಲ್ಲ.

ಅವರು ಕಾಗದವನ್ನು ಬೆಳಕಿಗೆ ಹಿಡಿದು ಅಕ್ಷರ ಕೂಡಿಸಿ ಓದಿದರು. ಬೆರಳು ಹೆಸರಿನ ಮೇಲೆ ಹೋಯಿತು, ಕೆಳಗೆ ಇಳಿಯಿತು, ಮತ್ತೆ ಮೇಲೆ ಬಂದು ತಾರೀಕಿನ ಮೇಲೆ ನಿಂತಿತು. ತುಟಿ ಅಲ್ಲಾಡಿಸದೆ ಲೆಕ್ಕ ಹಾಕಿದರು.

"ಇದು ಸೂಜಿ ಚುಚ್ಚಿದ ವಾರದ್ದೇ ಅಲ್ವಾ?"

"ಹೌದು."

"ಆಗ ನಾಲ್ಕು ದಿವಸದ ಮಾತ್ರೆ ಆಗಿತ್ತು ನಂಗೆ." ಕಾಗದವನ್ನು ನಾಲ್ಕು ಮಡಿಕೆ ಮಾಡಿದರು. "ಸೂಜಿ ನಿಮ್ಮದು ಅಂತ ಆವತ್ತೇ ಗೊತ್ತಿತ್ತು ಮಾಷ್ಟ್ರೇ. ಪ್ಯಾಕೆಟಿನಲ್ಲಿ ಚಹಾದ ಪುಡಿಯೂ ಇತ್ತು, ಹಸಿರು ಬಣ್ಣದ್ದು. ಆ ಪುಡಿ ನಮ್ಮೂರಲ್ಲಿ ಎಲ್ಲಿ ಸಿಗ್ತದೆ? ನೀವಾಗಿಯೇ ಬರ್ತೀರಿ ಅಂತ ಕಾದೆ. ದಿನಾ ಮಾತ್ರೆ ತಿನ್ನುವಾಗ ಅಂದ್ಕೊಳ್ತಿದ್ದೆ, ಇವತ್ತು ಬಂದಾರು ಅಂತ."

ಅವರು ಅಳಲಿಲ್ಲ, ಬೈಯಲೂ ಇಲ್ಲ. ಕೂತುಕೊಳ್ಳಿ ಎಂದೂ ಹೇಳಲಿಲ್ಲ. ನಾನು ಅಂಗಳದಲ್ಲಿ ನಿಂತೇ ಇದ್ದೆ. ಏನು ಮಾಡಲಿ ಹೇಳಿ ಎಂದು ಕೇಳಿದೆ.

"ನಂಗೆ ಬೇರೆ ಎಂತದೂ ಬೇಡ. ಗ್ರಾಮಸಭೆ ಉಂಟಲ್ಲ, ಅಲ್ಲಿ ಒಂದು ಮಾತು ಹೇಳ್ಬೇಕು ನೀವು. ಸೂಜಿ ನಿಮ್ಮದು, ನಿಮ್ಮ ರಕ್ತದಲ್ಲಿ ಏನಿಲ್ಲ, ಹಾಗಾಗಿ ನಂಗೂ ಏನಿಲ್ಲ ಅಂತ. ನಾನು ಹೇಳಿದ್ರೆ ಯಾರೂ ನಂಬುವುದಿಲ್ಲ. ನೀವು ಹೇಳಿದ್ರೆ ನಂಬ್ತಾರೆ."

ಗ್ರಾಮಸಭೆಯ ದಿನ ಸಭಾಭವನ ತುಂಬಿತ್ತು. ಅಧ್ಯಕ್ಷರು ನನ್ನನ್ನು ವೇದಿಕೆಗೆ ಕರೆದು ರಾಯಭಾರಿ ಎಂದು ಘೋಷಿಸಿ ಶಾಲು ಹೊದಿಸಿದರು. ಆ ಶಾಲು ಹೊದ್ದುಕೊಂಡೇ ಮೈಕಿನ ಮುಂದೆ ನಿಂತೆ. ನನ್ನ ಮನೆಯ ಕಸದಲ್ಲಿದ್ದ ನನ್ನ ಸೂಜಿ ನಮ್ಮ ಗಾಡಿಯಕ್ಕನಿಗೆ ಚುಚ್ಚಿತು, ನಾನು ರಕ್ತ ಪರೀಕ್ಷೆ ಮಾಡಿಸಿದ್ದೇನೆ, ನನಗೆ ಸಕ್ಕರೆ ಬಿಟ್ಟು ಬೇರೆ ಯಾವ ಕಾಯಿಲೆಯೂ ಇಲ್ಲ, ಅವರಿಗೂ ಇಲ್ಲ, ಅವರ ಬಗ್ಗೆ ಹಬ್ಬಿಸಿದ್ದೆಲ್ಲ ಸುಳ್ಳು, ತಪ್ಪು ನನ್ನದು, ಎಲ್ಲರ ಎದುರು ಅವರ ಕ್ಷಮೆ ಕೇಳುತ್ತೇನೆ ಎಂದೆ.

ಎಲ್ಲರೂ ಹಿಂದೆ ತಿರುಗಿ ಗಾಡಿಯಕ್ಕನನ್ನು ನೋಡಿದರು. ಆಮೇಲೆ ಅಧ್ಯಕ್ಷರು ಎದ್ದು ಚಪ್ಪಾಳೆ ತಟ್ಟಿದರು. ಸಭೆಯೂ ತಟ್ಟಿತು. "ಇಷ್ಟು ದೊಡ್ಡ ಮನಸ್ಸು ಯಾರಿಗುಂಟು? ತಾವೇ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಬಂದಿದ್ದಾರೆ ನೋಡಿ" ಎಂದರು. ಎರಡು ದಿನ ಬಿಟ್ಟು ಪತ್ರಿಕೆಯಲ್ಲಿ ನನ್ನ ಫೋಟೋ ಬಂತು. ಮಾದರಿ ಶಿಕ್ಷಕ ಎಂದು ಬರೆದಿದ್ದರು.

ಪರೀಕ್ಷೆ ಯಾವತ್ತು ಮಾಡಿಸಿದೆ ಎಂದು ನಾನು ಹೇಳಿರಲಿಲ್ಲ. ಗಾಡಿಯಕ್ಕ ಬಂದು ಕೇಳಿದಾಗ ನನ್ನದಲ್ಲ ಎಂದದ್ದನ್ನೂ ಹೇಳಿರಲಿಲ್ಲ. ಹೇಳಬೇಕೆಂದೇ ಎದ್ದಿದ್ದೆ, ಮೈಕಿನ ಮುಂದೆ ಅದನ್ನು ಬಿಟ್ಟು ಮುಂದಕ್ಕೆ ಹೋದೆ. ಚಪ್ಪಾಳೆಯ ಮಧ್ಯೆ ಅವರ ಕಡೆ ನೋಡಿದೆ. ಹೆಂಗಸರ ಸಾಲಿನ ತುದಿಯಲ್ಲಿ ಕೂತಿದ್ದರು, ಪಕ್ಕದ ಕುರ್ಚಿ ಖಾಲಿಯಿತ್ತು. ಎದ್ದು ನಿಂತು ತಾರೀಕು ಯಾವುದೆಂದು ಅವರು ಕೇಳಬಹುದಿತ್ತು. ಕೇಳಲಿಲ್ಲ. ಅಷ್ಟರಲ್ಲಿ ನನ್ನ ಹೆಂಡತಿ ಮುಂದಿನ ಸಾಲಿನಿಂದ ಎದ್ದು, ಮಂಡಿ ಹಿಡಿದುಕೊಂಡು ಹಿಂದೆ ಹೋಗಿ, ಆ ಖಾಲಿ ಕುರ್ಚಿಯಲ್ಲಿ ಕೂತಳು. ಸಭೆ ಮುಗಿದು ಚಹಾ ಕೊಟ್ಟಾಗ ಇಬ್ಬರೂ ಒಟ್ಟಿಗೆ ಕುಡಿದರು.

ಬಾಗಿಲ ಹತ್ತಿರ ಸಿಕ್ಕಿದಾಗ, "ಪೂರ್ತಿ ಹೇಳಲಿಕ್ಕೆ ಆಗಲಿಲ್ಲ" ಎಂದೆ.

"ಸಾಕು ಮಾಷ್ಟ್ರೇ. ನಂಗೆ ಬೇಕಾದದ್ದು ಅಷ್ಟೇ ಇತ್ತು" ಎಂದರು.

ಊರಿನ ಬಾಯಿ ನಿಧಾನಕ್ಕೆ ಮುಚ್ಚಿತು. ಜೊತೆಯ ಹೆಂಗಸು ಮತ್ತೆ ಮುಂದಿನ ಸೀಟಿಗೆ ಬಂದಳು. ಆದರೆ ಮುಂದಿನ ಮಳೆಗಾಲದ ಹೊತ್ತಿಗೆ ಗಾಡಿಯಕ್ಕ ಕೆಲಸ ಬಿಟ್ಟರು. ಚೀಲದೊಳಗೆ ಕೈ ಹಾಕುವಾಗ ಕೈ ತಾನಾಗಿಯೇ ಹಿಂದೆ ಬರುತ್ತದೆ, ಏನು ಮಾಡಿದರೂ ಆಗುವುದಿಲ್ಲ ಎಂದು ನನ್ನ ಹೆಂಡತಿಗೆ ಹೇಳಿದ್ದರಂತೆ. ಈಗ ಬೇರೆ ಹುಡುಗಿ ಗಾಡಿ ಓಡಿಸುತ್ತಾಳೆ. ನಮ್ಮ ಸೂಜಿಗಳು ಪ್ರತಿ ತಿಂಗಳು ಬಾಟಲಿಯಲ್ಲಿ ಆಸ್ಪತ್ರೆಗೆ ಹೋಗುತ್ತವೆ. ಹೆಂಡತಿಯೇ ಒಯ್ಯುತ್ತಾಳೆ, ನನ್ನ ಕೈಗೆ ಕೊಡುವುದಿಲ್ಲ. ನಾನು ಭಾಷಣಕ್ಕೆ ಹೋಗುವುದನ್ನು ನಿಲ್ಲಿಸಿದೆ.

ಕಳೆದ ತಿಂಗಳು ವೇಣೂರಿನ ಬಸ್ ಸ್ಟಾಪಿನಲ್ಲಿ ಅವರು ಸಿಕ್ಕಿದರು. ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸವಂತೆ, ಜೊತೆಗೆ ಏಳೆಂಟು ಹೆಂಗಸರಿದ್ದರು. ಎಲ್ಲರೂ ಒಂದೇ ಪೊಟ್ಟಣದಿಂದ ಚಕ್ಕುಲಿ ತಿನ್ನುತ್ತಿದ್ದರು. ನನ್ನನ್ನು ಕಂಡು ಕೈ ಒರೆಸಿಕೊಂಡು ಮುಂದೆ ಬಂದರು. "ಇವರು ನಮ್ಮೂರಿನ ಮಾಷ್ಟ್ರು. ಜಪಾನಿಗೆ ಹೋಗಿ ಬಂದವರು" ಎಂದು ಅವರಿಗೆಲ್ಲ ಹೇಳಿದರು. ಅದರಲ್ಲಿ ಕೊಂಕು ಇರಲಿಲ್ಲ, ನಾನು ಹುಡುಕಿದೆ.

"ಈಗಲೂ ಭಾಷಣಕ್ಕೆ ಹೋಗ್ತೀರಾ?"

"ಇಲ್ಲ. ಬಿಟ್ಟೆ."

"ಅದ್ಯಾಕೆ ಮಾರಾಯ್ರೆ? ಹೋಗಿ. ನೀವು ಹೇಳಿದ್ದೆಲ್ಲ ಸರಿಯೇ ಇತ್ತಲ್ಲ" ಎಂದರು. ಅಷ್ಟರಲ್ಲಿ ಬಸ್ಸು ಬಂತು. ಹೆಂಗಸರೆಲ್ಲ ಒಬ್ಬರನ್ನೊಬ್ಬರು ದೂಡಿಕೊಂಡು ಹತ್ತಿದರು, ಯಾರೋ ಒಳಗಿನಿಂದ ಅವರಿಗೆ ಸೀಟು ಹಿಡಿದು ಕೂಗಿದರು. ಅವರೂ ಹತ್ತಿ ಹೋದರು.

ಆ ರಿಪೋರ್ಟು ನನ್ನ ಕಪಾಟಿನಲ್ಲಿದ್ದಾಗ ಅವರು ತಿಂದ ಮಾತ್ರೆ ಇಪ್ಪತ್ತನಾಲ್ಕು ದಿನದ್ದು. ಅದನ್ನು ಅವರು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಹೆಂಡತಿಗೆ ಬಿಟ್ಟರೆ ನಾನು ಹೇಳುತ್ತಿರುವುದು ಇದೇ ಮೊದಲು.